ಒಂದು ನೆಗೆತ

ಅಪ್ಪಾ,

ನಾನೀಗ ಕ್ಯಾಮೆರಾ ಹಿಡಿದಿರುವುದು ಹಾರುವ ವೀರನೊಬ್ಬನ ಸಿನಿಮಾಕ್ಕೆ. ಪ್ರತಿ ದೃಶ್ಯವೂ ನೀನು ಬಿಡಿಸುತ್ತಿದ್ದ ಕಾಮಿಕ್ಸ್ ಪುಟದಂತೆ ಕಾಣಬೇಕೆಂದು ನಿರ್ದೇಶಕರ ಹಟ. ನಿನ್ನೆ ಕ್ಯಾಮೆರಾವನ್ನು ನೆಲದ ಮೇಲಿಟ್ಟು ಓರೆ ಮಾಡಿದೆ.

"ಏನಮ್ಮಾ, ವೀರ ಹಾರ್ತಾ ಇಲ್ಲ, ಕಟ್ಟಡ ಬೀಳ್ತಾ ಇದೆ" ಅಂದರು ಅವರು. ಎಲ್ಲರೂ ನಕ್ಕರು, ನಾನೂ ನಕ್ಕೆ. ನಿನ್ನ ಪುಟದಲ್ಲಾದರೆ ಅದೇ ಓರೆಗೆ ಅವನು ಹಾರಿಬಿಡುತ್ತಿದ್ದ.

ವೀರನ ಆ ಒಂದು ನೆಗೆತವನ್ನು ಬಿಡಿಸಿ, ಸೋಮವಾರದೊಳಗೆ ಕಳಿಸಿಕೊಡು. ಕಾಯಿಲೆಯಾದ ಮೇಲೆ ನೀನು ಕುಂಚ ಮುಟ್ಟಿಲ್ಲವೆಂದು ಅಮ್ಮ ಹೇಳಿದಳು. "ಕೈ ನಡುಗುತ್ತೆ, ಈ ಗೆರೆ ಯಾರಿಗೆ ಬೇಕು" ಅಂದೆಯಂತೆ.

ನನಗೆ ಬೇಕು. ಗೆರೆ ನಡುಗಿದ್ದರೆ ನಾನೂ ಕ್ಯಾಮೆರಾವನ್ನು ಸ್ಟ್ಯಾಂಡಿನಿಂದ ಇಳಿಸಿ, ಹೆಗಲ ಮೇಲಿಟ್ಟುಕೊಂಡು, ಹಾಗೇ ನಡುಗುತ್ತಾ ತೆಗೆಯುತ್ತೇನೆ.

ನಿನ್ನ ಗೆರೆಗಾಗಿ ಕಾಯುವ,
ಮಗಳು