ಹಾಸುಬಟ್ಟೆಯ ನನ್ನ ಕಡೆ

ಶನಿವಾರ ಮಧ್ಯಾಹ್ನ
ಆಯಾಗಳ ಕೋಣೆ

ನನ್ನ ಕಡ್ಡಿಗೆ,

ಗುಂಡಕ್ಕನ ಪ್ರೀತಿ. ಆಶೀರ್ವಾದ ಮಾಡುವ ಮುಖ ನನಗಿಲ್ಲ, ಅದಕ್ಕೇ ಬರಿಯ ಪ್ರೀತಿ.

ನಿನ್ನನ್ನು ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡ ಎಂದು ಕಳಿಸಿ ಹತ್ತು ದಿನವಾಯಿತು. ನಿನ್ನ ಜಾಗಕ್ಕೆ ಬಂದವಳು ರೋಗಿಯನ್ನು ಎತ್ತುವಾಗ ನಿನ್ನ ಹಾಗೆ ಒಂದು, ಎರಡು ಎಂದು ಎಣಿಸುವುದಿಲ್ಲ. ಪ್ರತಿ ಸಲವೂ ನಾನೇ ಮನಸ್ಸಿನಲ್ಲಿ ಎಣಿಸಿಕೊಳ್ಳುತ್ತೇನೆ. ಏಳನೇ ಮಂಚದ ಅಜ್ಜಿಗೆ ಸೊಂಟದ ಆಪರೇಷನ್ ಆಯಿತು. ನಿನ್ನೆ ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಟ್ಟರು. ಆ ಸಣ್ಣ ಹುಡುಗಿ ಎಲ್ಲಿ ಹೋದಳಮ್ಮಾ ಎಂದು ಕೇಳಿದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ, ರಜೆ ಎಂದುಬಿಟ್ಟೆ.

ಸುತ್ತಿ ಬಳಸುವುದು ಸಾಕು. ಅಜ್ಜಿಯನ್ನು ಮಂಚದಿಂದ ಸ್ಟ್ರೆಚರಿಗೆ ಸರಿಸುವಾಗ ನಾವಿಬ್ಬರೂ ಆಚೀಚೆ ಹಿಡಿದಿದ್ದ ಹಾಸುಬಟ್ಟೆ ಜಾರಿ ಅವರು ಬಿದ್ದು ಸೊಂಟ ಮುರಿಯಿತಲ್ಲ, ಅದು ಜಾರಿದ್ದು ನಿನ್ನ ಕಡೆಯಿಂದಲ್ಲ, ನನ್ನ ಕಡೆಯಿಂದ. ನಿನಗೂ ಗೊತ್ತು. ದೊಡ್ಡ ಸಿಸ್ಟರ್ ಓಡಿ ಬಂದು ನನ್ನ ಮೈ ನೋಡಿದರು, ನಿನ್ನ ಮೈ ನೋಡಿದರು, ಈ ಕಡ್ಡಿ ಕೈಲಿ ಏನಾಗತ್ತೆ ಅಂದರು. ನೀನು ನನ್ನ ಮುಖ ನೋಡಿದೆ. ನಾನು ನೆಲ ನೋಡಿದೆ. ಥೂ, ನನ್ನ ಜನ್ಮಕ್ಕಿಷ್ಟು!

ನಿನ್ನ ಡಬ್ಬಿಯಲ್ಲಿ ದಿನಾ ಎರಡು ಬೇಯಿಸಿದ ಮೊಟ್ಟೆ, ಒಂದು ಹಿಡಿ ಕಡಲೆಕಾಳು. ನನ್ನದು ಚಹಾ, ಬನ್ನು. ಒಂದು ಮೊಟ್ಟೆ ತಿನ್ನಕ್ಕಾ ಎಂದು ನೀನು ಗೋಗರೆದರೆ, ನಾನು ಇಷ್ಟು ಮೈ ಇಟ್ಕೊಂಡಿರೋಳಿಗೆ ಏನೇ ಕಡಿಮೆ ಎಂದು ನಗುತ್ತಿದ್ದೆ. ನೀನು ಕಸರತ್ತಿಗೆಂದು ನೀರಿನ ಕ್ಯಾನು ಹಿಡಿದು ಕೂತು ಏಳುವಾಗ, ನಾನು ಪೈಲ್ವಾನಮ್ಮ ಬಂದ್ಲು ದಾರಿ ಬಿಡಿ ಎಂದು ಎಲ್ಲರನ್ನೂ ನಗಿಸುತ್ತಿದ್ದೆ.

ಅಜ್ಜಿ ಬಿದ್ದ ಮೇಲೆ ಮನಸ್ಸು ತಡೆಯದೆ ಬೀದಿ ಕೊನೆಯ ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ಹಿಡಿತ ಅಳೆಯುವ ಯಂತ್ರ ಕೊಟ್ಟು ಹಿಂಡಿ ಎಂದರು. ಮುಳ್ಳು ಅಲ್ಲಾಡಿತು, ಅಷ್ಟೇ. ಕೈ ಊರದೆ ಕುರ್ಚಿಯಿಂದ ಐದು ಸಲ ಏಳಿ ಎಂದರು. ಮೂರನೆಯದಕ್ಕೇ ದೊಪ್ಪನೆ ಕೂತೆ. ಮೈ ಇದೆ, ಮಾಂಸಖಂಡ ಇಲ್ಲ, ಮೂಳೆಯೂ ಸವೆದಿರಬಹುದು, ಪ್ರೋಟೀನ್ ತಿನ್ನಿ, ಸ್ವಲ್ಪ ಸ್ವಲ್ಪವೇ ಭಾರ ಎತ್ತಿ ಅಭ್ಯಾಸ ಮಾಡಿ, ಅಲ್ಲೀವರೆಗೆ ರೋಗಿಗಳನ್ನ ಎತ್ತಬೇಡಿ ಎಂದು ಚೀಟಿ ಬರೆದುಕೊಟ್ಟರು. ಆಳು ನೋಡಿದರೆ ಅಲಂಕಾರ, ಬಾಳು ನೋಡಿದರೆ ಬಾಯಿ ಬಡ್ಕೋಬೇಕು. ಎತ್ತುವುದೇ ನನ್ನ ಕೆಲಸ, ಎತ್ತದಿದ್ದರೆ ಮನೆಗೆ ಹೋಗು ಅನ್ನುತ್ತಾರೆ. ಹೆದರಿ ಬಾಯಿಗೆ ಬೀಗ ಹಾಕಿಕೊಂಡೆ.

ಸೋಮವಾರ ನಿನ್ನ ವಿಚಾರಣೆ. ಚೀಟಿಯನ್ನೂ ನನ್ನ ತಪ್ಪೊಪ್ಪಿಗೆಯನ್ನೂ ಈಗಷ್ಟೇ ದೊಡ್ಡ ಸಿಸ್ಟರ್ ಕೈಗೆ ಕೊಟ್ಟು ಬಂದೆ. ನನ್ನ ಕೆಲಸ ಹೋದರೆ ಹೋಗಲಿ ಎನ್ನುವಷ್ಟು ದೊಡ್ಡವಳಲ್ಲ ನಾನು. ಹೋದರೆ ಅಳುತ್ತೇನೆ. ಆದರೆ ನಿನ್ನದು ಹೋಗಬಾರದು ಕಣೇ.

ಬೆಳಿಗ್ಗೆ ಎರಡು ಮೊಟ್ಟೆ ಬೇಯಿಸಿಕೊಂಡೆ. ಎರಡೂ ಹಾಗೇ ಡಬ್ಬಿಯಲ್ಲಿವೆ.

ಇಂತಿ,
ನಿನ್ನ ಗುಂಡಕ್ಕ

ಸಹಿ ಮಾಡಿದ ಮೇಲೆ: ಚೀಟಿಯಲ್ಲಿ ತಾರೀಖು ಇದೆ, ಸೋಮವಾರ ನಿನ್ನ ಕಣ್ಣಿಗೆ ಬಿದ್ದೇ ಬೀಳುತ್ತದೆ. ಅದಕ್ಕೆ ಮೊದಲು ನಾನೇ ಹೇಳುತ್ತೇನೆ. ನಾನು ಕ್ಲಿನಿಕ್ಕಿಗೆ ಹೋದದ್ದು ಅಜ್ಜಿ ಬಿದ್ದ ಮೇಲಲ್ಲ, ಹಿಂದಿನ ದಿನ. ಗೊತ್ತಿದ್ದೇ ಆ ಬಟ್ಟೆ ಹಿಡಿದೆ. ನೀನು ಒಂದು ಎಂದಾಗ ಹೇಳಿಬಿಡಬೇಕು ಅಂದುಕೊಂಡೆ. ಎರಡು ಎಂದಾಗಲೂ ಅಂದುಕೊಂಡೆ. ಅಷ್ಟರಲ್ಲಿ ನೀನು ಮೂರು ಅಂದೆ.