ಮಾದಮ್ಮನವರ ಆದೇಶಕ್ಕೆ ಘಟನೋತ್ತರ ಮಂಜೂರಾತಿ ಕೋರಿ

ಮಾನ್ಯ ಮೇಲಧಿಕಾರಿಗಳೇ,

ಸಿಬ್ಬಂದಿಯನ್ನು ಪ್ರಶಂಸಿಸಿರಿ ಎಂದು ಸುತ್ತೋಲೆ ಹೊರಡಿಸಿದವರು ತಾವು. ನಾವು ಪ್ರಶಂಸಿಸಿದೆವು. ಅದಾದ ಹತ್ತನೇ ದಿನಕ್ಕೆ, ಹಾಗೆ ಪ್ರಶಂಸೆಗೆ ಒಳಗಾದ ಮಾದಮ್ಮನವರಿಗೆ ಕಾರಣ ಕೇಳುವ ನೋಟಿಸ್ ಕಳಿಸಿದವರೂ ತಾವೇ. ಬೇಲೂರಿನ ನಮ್ಮ ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ಕಸ ಗುಡಿಸಿ ನೆಲ ಒರೆಸುತ್ತಿರುವ ಈ ಐವತ್ತೆರಡರ ಹೆಂಗಸು ಇಲಾಖೆಯ ಶಿಸ್ತಿಗೆ ಧಕ್ಕೆ ತಂದಿದ್ದಾರಂತೆ. ಇಷ್ಟು ದೊಡ್ಡ ಇಲಾಖೆಯ ಶಿಸ್ತು ಒಂದು ಪೊರಕೆಯ ತುದಿ ತಾಗಿದರೆ ಉರುಳಿಬೀಳುವಂತಿದ್ದರೆ, ಅದನ್ನು ಮೊದಲು ನಿಲ್ಲಿಸಿದವರು ಯಾರು ಎಂದು ವಿಚಾರಣೆಯಾಗಬೇಡವೇ?

ಇದು ಯಾವ ಇಲಾಖೆಯೆಂದು ಇಲ್ಲಿ ಬರೆಯುವುದಿಲ್ಲ. ತಮಗೆ ಓದುತ್ತಲೇ ಗೊತ್ತಾಗುತ್ತದೆ. ಬೇರೆ ಇಲಾಖೆಗಳ ಹೆಣ್ಣುಮಕ್ಕಳು ಇದು ತಮ್ಮದೇ ಕಚೇರಿಯ ಕತೆ ಎಂದುಕೊಂಡರೆ ಅದರ ಹೊಣೆ ನನ್ನದಲ್ಲ.

ತಮ್ಮ ಸುತ್ತೋಲೆಯಿಂದಲೇ ಶುರುಮಾಡುತ್ತೇನೆ. “ಸಿಬ್ಬಂದಿ ಪ್ರಶಂಸಾ ದಿನವನ್ನು ಅತಿ ಕಡಿಮೆ ವೆಚ್ಚದಲ್ಲಿ, ಆದರೆ ಉಲ್ಲಾಸಭರಿತವಾಗಿ ಆಚರಿಸತಕ್ಕದ್ದು. ಇದಕ್ಕೆ ಪ್ರತ್ಯೇಕ ಅನುದಾನವಿರುವುದಿಲ್ಲ. ಸಂಜೆ ನಾಲ್ಕರೊಳಗೆ ನಗುಮುಖದ ಐದು ಛಾಯಾಚಿತ್ರಗಳನ್ನು ವಾಟ್ಸಾಪ್ ಗ್ರೂಪಿಗೆ ಕಳಿಸತಕ್ಕದ್ದು.” ಹದಿನಾಲ್ಕು ವರ್ಷದ ಸೇವೆಯಲ್ಲಿ ಉಲ್ಲಾಸಕ್ಕೆ ‘ತಕ್ಕದ್ದು’ ಅಂಟಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನಮ್ಮ ಕಚೇರಿಯ ಮುಖ್ಯಸ್ಥರು, ಅಂದರೆ ನಾವೆಲ್ಲ ಸಾಹೇಬರು ಎನ್ನುವವರು, ಅದರ ಅಂಚಿನಲ್ಲಿ “ಹೇಮಾಶ್ರೀ, ಕೂಡಲೇ ಕ್ರಮ” ಎಂದು ಷರಾ ಬರೆದರು. ತಪಾಲು ವಿಭಾಗದಲ್ಲಿ ಕಾಗದಕ್ಕೆ ಮೊಹರು ಒತ್ತಿಕೊಂಡಿದ್ದ ನಾನು ಹೀಗೆ ಉಲ್ಲಾಸದ ಸಂಚಾಲಕಿಯಾದೆ.

ದುಡ್ಡಿಲ್ಲದೆ ನಗಿಸುವುದು ಹೇಗೆ? ದಿನಾ ಅರಸೀಕೆರೆಯಿಂದ ಬಸ್ಸಿನಲ್ಲಿ ಬರುವ ನಮ್ಮ ಮ್ಯಾನೇಜರ್ ಷಡಕ್ಷರಪ್ಪನವರನ್ನು ಕೇಳಿದೆ. “ಹಾರ, ಶಾಲು ಎಲ್ಲಾ ಬಿಟ್ಟಾಕಮ್ಮ. ನಮ್ ತೋಟದ್ದು ಎಳನೀರು ತರ್ತೀನಿ. ಊಟ ಅವರವರ ಮನೇದು ತರ್ಲಿ. ಇನ್ನು ನಗ್ಸೋದು ನಿನ್ ತಲೆನೋವು” ಎಂದರು. ನನಗೆ ಹೊಳೆದದ್ದು ಚೀಟಿಯಾಟ. ಎಲ್ಲರ ಹೆಸರನ್ನೂ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕುವುದು, ಯಾರಿಗೆ ಯಾರ ಹೆಸರು ಬರುತ್ತದೋ ಅವರು ಆ ಹೆಸರಿನವರ ಕೆಲಸವನ್ನು ಒಂದು ಗಂಟೆ ಮಾಡುವುದು. ಇನ್ನೊಬ್ಬರ ಕುರ್ಚಿಯಲ್ಲಿ ಕೂತು ನೋಡದೆ ಅವರನ್ನು ಹೊಗಳುವುದಾದರೂ ಹೇಗೆ? ಟಿಪ್ಪಣಿ ಹಾಕಿದೆ. ಸಾಹೇಬರು ಓದಿ, ನಕ್ಕು, ಸಹಿ ಮಾಡಿದರು. ಆ ಸಹಿ ಇಂದಿಗೂ ಕಡತದಲ್ಲಿದೆ, ಮಾನ್ಯರೇ. ಪುಟ ಸಂಖ್ಯೆ ಏಳು.

ಕಳೆದ ತಿಂಗಳ ಮೊದಲ ಶನಿವಾರ ಆಚರಣೆಯಾಯಿತು. ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಅಕ್ಕಿ ಕಡುಬು, ಕಾಯಿ ಹೋಳಿಗೆ ಎಲ್ಲವೂ ಬಂದವು. ಡಬ್ಬಿಯೂ ಬಂತು. ಸಾಹೇಬರಿಗೆ ಬಂದದ್ದು ನನ್ನ ಚೀಟಿ. ಮಾದಮ್ಮನವರಿಗೆ ಬಂದದ್ದು ಸಾಹೇಬರದು.

ಸಾಹೇಬರು ನನ್ನ ಜಾಗದಲ್ಲಿ ಕೂತು ಉತ್ಸಾಹದಿಂದ ಮೊಹರು ಒತ್ತತೊಡಗಿದರು. ಐದೇ ನಿಮಿಷದಲ್ಲಿ ಹಳೇಬೀಡಿನ ಕಡೆಯ ಹಿರಿಯರೊಬ್ಬರು ಅರ್ಜಿ ಹಿಡಿದು ಬಂದರು. ಆಟದ ವಿಷಯ ಅವರಿಗೆ ಗೊತ್ತಿರಲಿಲ್ಲ. “ಏನ್ ಸ್ವಾಮಿ, ನಾಕನೇ ಸಲ ಬತ್ತಾ ಇವ್ನಿ. ಬಂದಾಗೆಲ್ಲ ಸಾಹೇಬ್ರು ಸಹಿ ಹಾಕಿಲ್ಲ ಅಂತೀರ. ಆ ಸಾಹೇಬ್ರು ಅನ್ನೋರು ಇದಾರೋ ಇಲ್ವೋ? ನೀವಾದ್ರೂ ಕಂಡಿದ್ದೀರಾ?” ಎಂದು ತರಾಟೆಗೆ ತೆಗೆದುಕೊಂಡರು. ಸಾಹೇಬರು ಮೊಹರನ್ನು ಕೈಯಲ್ಲೇ ಹಿಡಿದು, “ಕಂಡಿದ್ದೀನಿ… ಕೂತ್ಕೊಳ್ಳಿ” ಎಂದು ತಾವೇ ಎದ್ದುಹೋಗಿ ಕಡತ ಹುಡುಕಿ ತಂದು ಅಲ್ಲೇ ಸಹಿ ಹಾಕಿದರು. ಹಿರಿಯರು ಗಾಬರಿಯಿಂದ, “ಅಯ್ಯೋ, ನೀವೇ ಹಾಕಿದ್ರೆ ನಡೀತದಾ?” ಎಂದು ಕೇಳಿದರು. ಇಡೀ ಕಚೇರಿ ಬಿದ್ದು ಬಿದ್ದು ನಕ್ಕಿತು. ತಾವು ಕೇಳಿದ್ದ ಐದು ನಗುಮುಖಗಳಲ್ಲಿ ನಾಲ್ಕು ಅಲ್ಲಿಯವೇ.

ಐದನೆಯದು ಮಾದಮ್ಮನವರದು. ಸಾಹೇಬರ ಕುರ್ಚಿಯಲ್ಲಿ ಕೂರಲು ಅವರು ಒಪ್ಪಲೇ ಇಲ್ಲ. “ಬ್ಯಾಡ ಕಣ್ ಹೇಮವ್ವ, ನನ್ ಚೀಟಿ ಬೇರೆ ಯಾರ್ಗಾದ್ರೂ ಕೊಡಿ” ಎಂದು ಬಾಗಿಲಲ್ಲೇ ನಿಂತರು. ಷಡಕ್ಷರಪ್ಪನವರು ಹೆಚ್ಚುಕಡಿಮೆ ಎಳೆದುಕೊಂಡು ಹೋಗಿ ಕೂರಿಸಿ, ಕೈಕಟ್ಟಿ ಎದುರು ನಿಂತು, “ಅಮ್ಮಾವ್ರೇ, ಏನಪ್ಪಣೆ?” ಎಂದರು.

“ತಮಾಸೆಗೆ ಕೇಳ್ತಾ ಇದ್ದೀರೋ, ನಿಜಕ್ಕೋ?”

“ಈ ಒಂದು ಗಂಟೆ ನಿಜಕ್ಕೇ ಕಣಮ್ಮ.”

ಮಾದಮ್ಮ ಒಮ್ಮೆ ನನ್ನ ಕಡೆ ನೋಡಿದರು. “ಹಂಗಾದ್ರೆ ಆ ಹೆಂಗಸರ ಕಕ್ಕಸಿಂದು ಬೀಗ ತೆಗ್ಸಿ.”

ನಗು ನಿಂತಿತು. ಯಾಕೆ ನಿಂತಿತೆಂದು ತಮಗೆ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮ ಕಚೇರಿಯಲ್ಲಿ ಐದು ಜನ ಹೆಂಗಸರಿದ್ದೇವೆ. ಮಹಿಳೆಯರ ಶೌಚಾಲಯವೂ ಇದೆ. ಎರಡು ವರ್ಷದ ಹಿಂದೆ ಅದಕ್ಕೆ ಬೀಗ ಬಿದ್ದು ಕೀಲಿ ಸಾಹೇಬರ ಮೇಜಿನೊಳಕ್ಕೆ ಹೋಯಿತು. ಅಂದಿನಿಂದ ನಾವು ಹಿಂದಿನ ಬೀದಿಯ ಗುರುಸಿದ್ದಮ್ಮನವರ ಮನೆಗೆ ಹೋಗುತ್ತಿದ್ದೆವು. ಅವರು ಒಂದು ದಿನವೂ ಮುಖ ಸಿಂಡರಿಸಿದವರಲ್ಲ. ಆದರೆ ದಿನಕ್ಕೆ ಎಷ್ಟು ಸಲವೆಂದು ಇನ್ನೊಬ್ಬರ ಬಾಗಿಲು ತಟ್ಟುವುದು? ಹೀಗಾಗಿ ನೀರು ಕುಡಿಯುವುದನ್ನೇ ಬಿಟ್ಟೆವು. ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ನಾನು ಸೊಂಟ ಹಿಡಿದುಕೊಂಡು ತಪಾಲಿನ ಮೇಜಿನ ಕೆಳಗೆ ಕುಸಿದೆ. ಮೂತ್ರಪಿಂಡದಲ್ಲಿ ಕಲ್ಲು. ವೈದ್ಯರು, “ನೀರು ಕುಡಿಯಲ್ವೇನಮ್ಮ?” ಎಂದರು. “ಕುಡಿದ್ರೆ ಹೋಗೋದೆಲ್ಲಿಗೆ ಡಾಕ್ಟ್ರೇ?” ಎಂದೆ. ಅವರ ಚೀಟಿಯನ್ನೇ ಲಗತ್ತಿಸಿ, ಬೀಗ ತೆಗೆಸಿಕೊಡಿ ಎಂದು ಅರ್ಜಿ ಕೊಟ್ಟೆ. ಸಾಹೇಬರ ಷರಾ ಬಂತು: “ನೋಡಿದೆ. ಕಡತದಲ್ಲಿರಿಸಿ.” ನನ್ನ ಕಲ್ಲು ಸರ್ಕಾರಿ ದಾಖಲೆಯಾಯಿತು. ಬೇಲೂರಿನ ಕಲ್ಲು ನೋಡಲು ಲೋಕವೇ ಬರುತ್ತದೆ. ನನ್ನ ಕಲ್ಲು ನೋಡಲು ಹತ್ತು ಹೆಜ್ಜೆ ಆಚೆ ಕೂತವರಿಗೆ ಪುರುಸೊತ್ತಾಗಲಿಲ್ಲ.

ಹೀಗಾಗಿ ನಗು ನಿಂತಿತು. ಎಲ್ಲರೂ ಸಾಹೇಬರ ಕಡೆ ತಿರುಗಿದೆವು. ಆ ಹಿರಿಯರ ಬೈಗುಳ ಇನ್ನೂ ಕಿವಿಯಲ್ಲಿತ್ತೋ, ಹೋಳಿಗೆ ಹೊಟ್ಟೆಯಲ್ಲಿತ್ತೋ, ಸಾಹೇಬರು, “ಆರ್ಡರ್ ಆಯ್ತಲ್ಲ, ತೆಗೀರಿ ಮತ್ತೆ” ಎಂದರು. ಮಾದಮ್ಮ ಕೂತಲ್ಲಿಂದಲೇ ನಗುತ್ತಾ ಮೇಜಿನೊಳಗಿಂದ ಕೀಲಿ ತೆಗೆದುಕೊಟ್ಟರು. ಬೀಗಕ್ಕೆ ತುಕ್ಕು. ಷಡಕ್ಷರಪ್ಪನವರು ಹೋಳಿಗೆಗೆ ತಂದಿದ್ದ ತುಪ್ಪ ಸವರಿದ ಮೇಲೆ ತೆರೆಯಿತು. ಒಳಗಿದ್ದದ್ದೇನು ಗೊತ್ತೇ? ಸೂರಿನವರೆಗೆ ಕಟ್ಟಿಟ್ಟ ಬ್ಯಾನರುಗಳು. ಸ್ವಚ್ಛತೆಯ ಕುರಿತು ಜಾಗೃತಿ ಮೂಡಿಸಲೆಂದು ತಮ್ಮ ಕಚೇರಿಯಿಂದಲೇ ಕಳಿಸಿದ್ದವು. ಪ್ರತಿಯೊಂದರ ಮೇಲೂ ‘ಶೌಚಾಲಯ ಬಳಸಿ’ ಎಂದಿತ್ತು. ಬಳಸಲು ಹೋದರೆ ಅವೇ ಅಡ್ಡ! ಮಾದಮ್ಮ ತಮ್ಮ ಗಂಟೆ ಮುಗಿಯುವ ಮೊದಲೇ ಕುರ್ಚಿಯಿಂದ ಎದ್ದು ಬಂದು, ಬ್ಯಾನರುಗಳನ್ನೆಲ್ಲ ಹೊರಗೆ ಸಾಗಿಸಿ, ಫಿನಾಯಿಲ್ ಹಾಕಿ ತೊಳೆದರು.

ಮಾದಮ್ಮ ಸಾಹೇಬರ ಕುರ್ಚಿಯಲ್ಲಿ ಕೂತು ನಗುತ್ತಿರುವ ಚಿತ್ರ ನಾಲ್ಕು ಗಂಟೆಗೆ ಹತ್ತು ನಿಮಿಷ ಇರುವಾಗಲೇ ತಮ್ಮ ಗ್ರೂಪಿಗೆ ಬಂತು. ಅಡಿಯಲ್ಲಿ ‘ಮಾದಮ್ಮನವರ ಮೊದಲ ಆದೇಶ: ಶೌಚಾಲಯ ತೆರೆಯಿತು’ ಎಂದು ಬರೆದವಳು ನಾನು. ತಾವು ಹೆಬ್ಬೆರಳಿನ ಗುರುತು ಹಾಕಿದಿರಿ. ಮೆಚ್ಚುಗೆಯೆಂದು ನಾವು ತಿಳಿದೆವು. ನಮ್ಮ ದಡ್ಡತನ.

ಹತ್ತನೇ ದಿನ ಬಂದ ನೋಟಿಸಿನಲ್ಲಿ ತಾವು ಬರೆಯುತ್ತೀರಿ: ಸದರಿ ಮಾದಮ್ಮ ಅಧಿಕಾರಿಯ ಆಸನವನ್ನು ಅನಧಿಕೃತವಾಗಿ ಅಲಂಕರಿಸಿ, ಲಿಖಿತ ಆದೇಶವಿಲ್ಲದೆ ‘ದಾಸ್ತಾನು ಕೊಠಡಿ’ಯ ಬೀಗ ತೆರೆಯಿಸಿದ್ದಾರೆ, ಮೂರು ದಿನದೊಳಗೆ ಸಮಜಾಯಿಷಿ ನೀಡದಿದ್ದಲ್ಲಿ ಹೊರಗುತ್ತಿಗೆ ಸೇವೆಯಿಂದ ಬಿಡುಗಡೆ ಮಾಡಲಾಗುವುದು, ಕೊಠಡಿಯನ್ನು ಮತ್ತೆ ಮುಚ್ಚತಕ್ಕದ್ದು. ಒಳಗೆ ನಲ್ಲಿ, ಹೊರಗೆ ಬಾಗಿಲ ಮೇಲೆ ಸೀರೆ ಉಟ್ಟ ಹೆಂಗಸಿನ ಚಿತ್ರ ಇರುವ ದಾಸ್ತಾನು ಕೊಠಡಿ ಜಿಲ್ಲೆಯಲ್ಲಿ ಇನ್ನೆಷ್ಟಿವೆ, ಮಾನ್ಯರೇ? ಮಾದಮ್ಮ ಕೂತದ್ದು ಅನಧಿಕೃತವಾದರೆ ಸಾಹೇಬರು ನನ್ನ ಜಾಗದಲ್ಲಿ ಕೂತದ್ದು ಯಾವ ನಿಯಮದಡಿ? ಅವರಿಗೆ ನೋಟಿಸ್ ಬರಲಿಲ್ಲವಲ್ಲ, ಮೇಲಿನವರು ಕೆಳಗೆ ಕೂತರೆ ಸರಳತೆ, ಕೆಳಗಿನವರು ಮೇಲೆ ಕೂತರೆ ಅಶಿಸ್ತೇ?

ನೋಟಿಸ್ ಓದಿ ಹೇಳಿದಾಗ ಮಾದಮ್ಮನ ಮುಖ ಸಣ್ಣಗಾಯಿತು. ಹಗರೆಯ ಹತ್ತಿರದ ಊರಿಂದ ಎರಡು ಬಸ್ ಹಿಡಿದು ಬರುವವರು ಅವರು. ಮನೆ ನಡೆಯುವುದು ಈ ಕೆಲಸದಿಂದಲೇ. ಇದಕ್ಕೆಲ್ಲ ಕಾರಣ ನನ್ನ ಚೀಟಿಯಾಟ ಎಂದು ನನಗೆ ಅಳು ಬಂತು. ಸಾಹೇಬರ ಕೊಠಡಿಗೆ ಹೋದೆ. “ತೆಗೀರಿ ಅಂತ ನೀವೇ ಅಂದ್ರಿ ಸರ್” ಎಂದೆ. ಅವರು ಕಿಟಕಿಯ ಕಡೆ ನೋಡುತ್ತಾ, “ತಮಾಷೆಗೆ ಅಂದಿದ್ದು ಕಣ್ರೀ ಹೇಮಾಶ್ರೀ. ನನಗೂ ಮೇಲಿನವರಿದ್ದಾರೆ” ಎಂದರು. ಅವರ ಮೇಲೆ ಸಿಟ್ಟು ಬರಬೇಕಿತ್ತು. ಪಾಪ ಅನ್ನಿಸಿತು.

ಮೂರನೇ ದಿನ ಮಾದಮ್ಮ ಸಮಜಾಯಿಷಿ ಹೇಳುತ್ತಾ ಹೋದರು, ನಾನು ಬರೆದುಕೊಂಡೆ. ಶುದ್ಧ ಕಚೇರಿ ಕನ್ನಡಕ್ಕೆ ತಿದ್ದಲು ಮನಸ್ಸಾಗಲಿಲ್ಲ. ಅದು ಹೀಗಿದೆ:

“ಕುರ್ಚಿ ಮೇಲೆ ಕೂತಿದ್ದು ನಿಜ. ಒರೆಸಿ ಕೂತೆ, ಎದ್ದ ಮೇಲೂ ಒರೆಸಿವ್ನಿ. ಬೀಗ ತೆಗ್ಸಿದ್ದೂ ನಿಜ. ಬ್ಯಾನರು ಒಂದೂ ಹರಿದಿಲ್ಲ, ಮಡಿಸಿ ಅಟ್ಟದ ಮೇಲಿಟ್ಟಿವ್ನಿ. ನಂದು ತಪ್ಪು ಅಂದ್ರೆ ನನ್ನ ಬುಟ್ಟುಬುಡಿ. ಬೀಗ ಮಾತ್ರ ಮತ್ತೆ ಹಾಕ್ಬ್ಯಾಡಿ.”

ಇದನ್ನು ತಮಗೆ ರವಾನಿಸುವ ಮೊದಲು ಸಾಹೇಬರ ಮುಂದಿಟ್ಟೆ. ಓದಿದರು. ತುಂಬಾ ಹೊತ್ತು ಪೆನ್ನು ತಿರುಗಿಸುತ್ತಾ ಕೂತರು. ಪೆನ್ನು ಕೆಳಗಿಟ್ಟರು. ಆಮೇಲೆ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದರು: “ಬೀಗ ತೆಗೆಯಲು ನಾನೇ ಹೇಳಿದ್ದು ನಿಜ.” ಬರೆದದ್ದು ಪೆನ್ಸಿಲ್ಲಿನಲ್ಲಿ.

ಪೆನ್ಸಿಲ್ಲಾದರೇನು, ನಮಗೆ ಅಷ್ಟೇ ದೊಡ್ಡದು. ಆದರೆ ಕಡತ ತಮ್ಮ ಮೇಜು ತಲುಪುವಷ್ಟರಲ್ಲಿ ಹತ್ತು ಕೈ ದಾಟಬೇಕು, ಯಾವ ಕೈಯಲ್ಲಿ ರಬ್ಬರಿದೆಯೋ ಬಲ್ಲವರಾರು? ಆ ಒಂದು ಸಾಲು ಅಳಿಸಿಹೋಗುವ ಮುನ್ನ ಅಚ್ಚಾಗಿಬಿಡಲಿ ಎಂದೇ ಪತ್ರಿಕೆಗೆ ಈ ಪತ್ರ ಬರೆದೆ. ನೌಕರರು ಹೀಗೆಲ್ಲ ಬರೆಯಕೂಡದೆಂಬ ನಿಯಮ ನನಗೆ ಗೊತ್ತು. ಆ ನಿಯಮದ ಸುತ್ತೋಲೆಗೂ ಮೊಹರು ಒತ್ತಿದವಳು ನಾನೇ.

ನಾನು ಕೇಳುವುದು ಹೆಚ್ಚೇನಲ್ಲ. ಕೆಲಸ ಮೊದಲು ಮಾಡಿ, ಒಪ್ಪಿಗೆ ಆಮೇಲೆ ಪಡೆಯುವುದಕ್ಕೆ ‘ಘಟನೋತ್ತರ ಮಂಜೂರಾತಿ’ ಎಂಬ ಚೆಂದದ ಹೆಸರು ನಮ್ಮ ಇಲಾಖೆಯಲ್ಲಿದೆ. ಅಧಿಕಾರಿಗಳ ಎಷ್ಟೋ ಕೆಲಸಗಳಿಗೆ ಅದು ಸಿಕ್ಕಿದೆ. ಮಾದಮ್ಮನವರ ಏಕೈಕ ಆದೇಶಕ್ಕೂ ಅದನ್ನು ದಯಪಾಲಿಸಿ. ನೋಟಿಸನ್ನು ಹಿಂಪಡೆಯಿರಿ. ಮತ್ತು ಒಂದು ಸಲ ಬೇಲೂರಿಗೆ ಬಂದು, ಆ ಬಾಗಿಲ ಮುಂದೆ ನಿಂತು, ಅದು ದಾಸ್ತಾನು ಕೊಠಡಿಯೆಂದು ಮಾದಮ್ಮನ ಮುಖ ನೋಡಿ ಹೇಳಿ. ಹೇಳಲಾದರೆ ಬೀಗವನ್ನು ನಾನೇ ತಂದುಕೊಡುತ್ತೇನೆ.

ಇಂತಿ,
ಮುಂದಿನ ನೋಟಿಸಿಗೆ ಹೆಸರು ಹುಡುಕುವ ಶ್ರಮ ತಮಗೆ ಬೇಡವೆಂದು ಸ್ಪಷ್ಟವಾಗಿ, ಪೆನ್ನಿನಲ್ಲೇ ಸಹಿ ಮಾಡುತ್ತಿರುವ
ಹೇಮಾಶ್ರೀ
ಮಾಜಿಯಾಗುವ ಲಕ್ಷಣಗಳಿರುವ ಉಲ್ಲಾಸ ಸಂಚಾಲಕಿ, ಬೇಲೂರು