ತಾಮ್ರದ ಮೇಲಿನ ಹೆಬ್ಬೆರಳು

ಮಾರ್ಚ್ 11, ಮಂಗಳವಾರ

ವಿಮೆಯವರ ಕಾಟ ತಾಳಲಾರದೆ ಇವತ್ತು ಅಪ್ಪ ಬಿಟ್ಟುಹೋದ ನಾಣ್ಯಗಳನ್ನೆಲ್ಲ ಕಿಟಕಿಯ ಬಳಿ ಹರಡಿ ಫೋಟೊ ತೆಗೆದೆ. ಕಳುವಾದರೆ ಗುರುತಿಗೆ ಬೇಕಂತೆ.

ಓರೆ ಬಿಸಿಲಿನಲ್ಲಿ ಒಂದು ತಾಮ್ರದ ಕಾಸಿನ ಮೇಲೆ ಹೆಬ್ಬೆರಳಿನ ಅಚ್ಚು ಕಂಡಿತು. ನಡುವೆ ಅಡ್ಡಗೀರು, ಉಳಿ ತಾಗಿದ್ದ ಅಪ್ಪನ ಹಳೆಯ ಗಾಯ. "ಅಂಚು ಹಿಡ್ಕೋ, ಮೈ ಮುಟ್ಬೇಡ" ಎಂದು ನನಗೆ ನೂರು ಸಲ ಗದರಿದವರೇ ಎಂದೋ ಮೈಮರೆತು ಮುಟ್ಟಿದ್ದಾರೆ! ಬೆವರು ತಾಮ್ರಕ್ಕಿಳಿದು ಕಪ್ಪಾಗಿ ನಿಂತುಬಿಟ್ಟಿದೆ.

"ಗಲೀಜಾಗಿದ್ಯಲ್ಲಮ್ಮ, ಉಜ್ಜಿ ಕೊಡ್ಲಾ?" ಎಂದಳು ಮಗಳು. ಗಾಬರಿಯಿಂದ ಕಸಿದುಕೊಂಡೆ, ಅಂಚು ಹಿಡಿದೇ.

ಈಗ ಫೋನಿನಲ್ಲಿ ಆ ಚಿತ್ರವನ್ನು ದೊಡ್ಡದು ಮಾಡಿ ಪಕ್ಕದಲ್ಲಿಟ್ಟುಕೊಂಡಿದ್ದೇನೆ. ಕಾಸು ಹುಣ್ಣಿಮೆಯ ಚಂದ್ರನಂತೆ ತೇಲುತ್ತಿದೆ. ಇದನ್ನಾದರೆ ಮುಟ್ಟಬಹುದು. ಅಪ್ಪನ ಹೆಬ್ಬೆರಳಿನ ಮೇಲೆ ನನ್ನದನ್ನು ಇಟ್ಟೆ. ಪರದೆ ಬೆಚ್ಚಗಿತ್ತು.

ಅಪ್ಪ ಗದರಲಿಲ್ಲ.